ಎರಡು ಬೆರಳು ಗಿಡ್ಡವಾದ ಹಾಯಿ

ಆ ಹಾಯಿ ಎಷ್ಟು ದೊಡ್ಡದಿತ್ತೆಂದರೆ, ಅದರ ಈ ತುದಿಯಲ್ಲಿ ಬೆಳಗಾಗಿ ಜನ ಹಲ್ಲುಜ್ಜುತ್ತಿದ್ದರೆ ಆ ತುದಿಯಲ್ಲಿ ಇನ್ನೂ ಕತ್ತಲೆ, ಜನ ಗೊರಕೆ ಹೊಡೆಯುತ್ತಿದ್ದರು. ನಾನು ಸುಳ್ಳು ಹೇಳುವವನಲ್ಲ. ನಂಬಿಕೆ ಇಲ್ಲದವರು ಈ ಕತೆಯನ್ನು ಇಲ್ಲೇ ಮುಚ್ಚಿಟ್ಟು ಲೆಕ್ಕದ ಪುಸ್ತಕ ತೆರೆಯಬಹುದು.

ಅಂಥ ಹಾಯಿಯನ್ನು ಅಮ್ಮ ಈಗ ಮನೆಯೊಳಗೆ ಹರಡುತ್ತಿದ್ದಳು. ಮಲಗುವ ಕೋಣೆಯಿಂದ ಶುರುವಾಗಿ, ಬಾಗಿಲು ದಾಟಿ, ನಡುಮನೆಯ ಮೇಜಿನ ಕೆಳಗೆ ನುಸುಳಿ, ಅಡುಗೆಮನೆಯ ಸಿಂಕಿನ ತನಕ ಬಿಳಿ ಬಟ್ಟೆಯೋ ಬಟ್ಟೆ. ಕಾಲಿಡಲು ಜಾಗವಿಲ್ಲ.

"ಕಾಲು ತೆಗಿ," ಎಂದಳು ಅಮ್ಮ.

"ಎಲ್ಲಿಡ್ಲಿ?"

"ತಲೆ ಮೇಲೆ ಇಟ್ಕೋ."

ಹುಡುಗಿ ಕುರ್ಚಿ ಹತ್ತಿ ನಿಂತಳು. ಅವಳಿಗೆ ಹತ್ತು ವರ್ಷ. ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಎಲ್ಲ ಕಡೆಯೂ ಅವಳ ಹೆಸರು 'ಸ್ಕೇಲು'. ಏಕೆಂದರೆ ಅವಳಿಗೆ ಡೊಂಕು ಕಂಡರೆ ಆಗದು. ನೋಟ್‌ಬುಕ್ಕಿನಲ್ಲಿ ಪ್ರತಿ ಉತ್ತರದ ಕೆಳಗೂ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಳು. ಬಾಗಿಲ ಬಳಿ ಯಾರದೇ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೂ ಸಾಲಾಗಿ ಜೋಡಿಸುತ್ತಿದ್ದಳು. ಒಮ್ಮೆ ತಂತಿಯ ಮೇಲೆ ಕಾಗೆಗಳು ಅಂತರ ಬಿಟ್ಟು ಹೇಗೆಂದರೆ ಹಾಗೆ ಕೂತಿದ್ದಾಗ, ಅವಳು ಕಣ್ಣು ಬಿಟ್ಟು ನೋಡಿದ್ದಕ್ಕೇ ಅವು ಸರಿದು ಸರಿಯಾಗಿ ಕೂತವು. ಇದಕ್ಕೆ ಕಾಗೆಗಳೇ ಸಾಕ್ಷಿ.

ಹಾಯಿ ಹರಿದದ್ದು ಆ ವಾರದ ಬಿರುಗಾಳಿಯಲ್ಲಿ. ಅದು ಎಂಥ ಗಾಳಿ ಎಂದರೆ, ಸಮುದ್ರದ ಮೀನುಗಳು ದಡಕ್ಕೆ ಬಂದು ಮನೆ ಮನೆಯ ಕದ ತಟ್ಟಿ "ಒಳಗೆ ಸ್ವಲ್ಪ ಜಾಗ ಇದೆಯಾ" ಎಂದು ಕೇಳಿದವು. ಆ ಗಾಳಿಯಲ್ಲಿ ಸ್ಕೇಲುವಿನ ಅಣ್ಣ ಒಬ್ಬನೇ ದೋಣಿಯಲ್ಲಿದ್ದ.

ಈ ಅಣ್ಣನ ಬಗ್ಗೆ ಎರಡು ಮಾತು ಹೇಳಲೇಬೇಕು. ಹದಿನೈದರ ಹುಡುಗ. ಚೆಲುವ, ಧೀರ, ಮಹಾ ಬುದ್ಧಿವಂತ. ಅವನು ನಡೆದು ಹೋದರೆ ಬೀದಿದೀಪಗಳು ತಲೆಬಾಗುತ್ತಿದ್ದವು. ನನಗೇನೂ ಅವನ ಮೇಲೆ ಪಕ್ಷಪಾತವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಅಣ್ಣ ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಗಾಳಿಯ ಕುತ್ತಿಗೆ ಹಿಡಿದು ಗುದ್ದಾಡಿದ. ಕೊನೆಗೆ ಗಾಳಿಯೇ "ತಪ್ಪಾಯ್ತು ಸ್ವಾಮಿ" ಎಂದು ಹೊರಟಿತು. ಹೋಗುವಾಗ ಮಾತ್ರ ಸಿಟ್ಟು ತಡೆಯಲಾರದೆ ದೋಣಿಯನ್ನು ಎತ್ತಿ, ದೋಣಿಗಳು ಬಂದು ನಿಲ್ಲುವ ದಕ್ಕೆಯ ಕಲ್ಲುಗೋಡೆಗೆ ಕುಕ್ಕಿತು.

ದೋಣಿಯ ಪಕ್ಕದ ಹಲಗೆ ಒಡೆದು ತೂತಾಯಿತು. ಹಾಯಿಯ ಬುಡವನ್ನು ಎಳೆದು ಹಿಡಿಯುವ ಅಡ್ಡಮರ ಎರಡು ತುಂಡಾಯಿತು. ಹಾಯಿ ಈ ಅಂಚಿನಿಂದ ಆ ಅಂಚಿನ ತನಕ ಹರಿಯಿತು. ಅಮ್ಮ ಎದೆಮಟ್ಟದ ನೀರಿಗೆ ಇಳಿದು ದೋಣಿಯ ಹಗ್ಗ ಹಿಡಿದೆಳೆದಳು. ಒದ್ದೆ ಹಗ್ಗ ಸರ್ರನೆ ಜಾರಿ ಅವಳ ಬಲಗೈಯ ಚರ್ಮವನ್ನೇ ಕಿತ್ತುಕೊಂಡು ಹೋಯಿತು. ಈಗ ಆ ಕೈಗೆ ದಪ್ಪ ಬ್ಯಾಂಡೇಜು.

ಅಮ್ಮನ ಕೆಲಸವೇ ಹಾಯಿ ಹೊಲಿಯುವುದು. ನಡುಮನೆಯ ಕಿಟಕಿಯ ಬಳಿ ಅವಳ ದೊಡ್ಡ ಮೆಷಿನ್. ದಕ್ಕೆಯ ಎಷ್ಟೋ ದೋಣಿಗಳು ಅವಳ ಹೊಲಿಗೆಯನ್ನು ನಂಬಿ ನೀರಿಗಿಳಿಯುತ್ತಿದ್ದವು. ಆದರೆ ಬ್ಯಾಂಡೇಜಿನ ಕೈಗೆ ಕತ್ತರಿ ಹಿಡಿಯಲು ಬರುವುದಿಲ್ಲವಲ್ಲ.

ಭಾನುವಾರ ಬೆಳಿಗ್ಗೆ ಅಣ್ಣನಿಗೆ ಪರೀಕ್ಷೆ. ಹಾಯಿದೋಣಿ ಶಾಲೆಗೆ ಸೇರುವ ಪರೀಕ್ಷೆ. ದೋಣಿ ಅವರವರೇ ತರಬೇಕು. ಈ ಸಲ ತಪ್ಪಿದರೆ ಮುಂದಿನ ವರ್ಷ ಅವನ ವಯಸ್ಸು ಮೀರಿಹೋಗುತ್ತದೆ. ಆಮೇಲೆ ಇಲ್ಲ. ಅದಕ್ಕೇ ತಾತ ಮತ್ತು ಅಣ್ಣ ದೋಣಿ ಇಟ್ಟ ಶೆಡ್ಡಿನಲ್ಲಿ ಮರದ ಕೆಲಸ ಹಿಡಿದರು. ಅಮ್ಮ ಮತ್ತು ಸ್ಕೇಲು ಮನೆಯಲ್ಲಿ ಬಟ್ಟೆಯ ಕೆಲಸ ಹಿಡಿದರು.

"ಹಾಯಿ ಅಂದ್ರೆ ಒಂದೇ ಬಟ್ಟೆ ಅಲ್ಲ, ಪಟ್ಟಿ ಪಟ್ಟಿ ಸೇರಿಸಿ ಹೊಲಿದಿರ್ತೀವಿ," ಎಂದಳು ಅಮ್ಮ, ಹರಿದ ಪಟ್ಟಿಯನ್ನು ಬಿಚ್ಚಿ ಪಕ್ಕಕ್ಕಿಡುತ್ತಾ. "ಈ ಪಟ್ಟಿ ಹೋಯ್ತು. ಹೊಸದು ಹಾಕ್ಬೇಕು. ನನ್ನ ಹತ್ರ ಇರೋದು ಇದೊಂದೇ ತುಂಡು. ಇದೂ ಹಾಳಾದ್ರೆ ನಿನ್ನ ಸ್ಕೂಲ್ ಯೂನಿಫಾರಂ ಹರಿದು ಹಾಕ್ಬೇಕಾಗುತ್ತೆ."

"ಅಮ್ಮಾ."

"ತಮಾಷೆಗೆ ಅಂದೆ. ಹೋಗು, ಅಂಗಡಿಯಿಂದ ದಪ್ಪ ದಾರ ತಗೊಂಬಾ."

ಸ್ಕೇಲು ದಾರ ತರುವಷ್ಟರಲ್ಲಿ ಅಮ್ಮ ಹೊಸ ತುಂಡಿನ ಮೇಲೆ ಚಾಕಿನಿಂದ ಗೆರೆ ಎಳೆದು, ಚಪ್ಪಲಿ ಮೆಟ್ಟಿ ನಿಂತಿದ್ದಳು.

"ನಾನು ಕ್ಲಿನಿಕ್‌ಗೆ ಹೋಗಿ ಬ್ಯಾಂಡೇಜ್ ಬದಲಾಯಿಸ್ಕೊಂಡು ಬರ್ತೀನಿ. ನೀನು ಆ ಗೆರೆ ಮೇಲೇ ಕತ್ತರಿಸು. ಆಮೇಲೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿ, ಕೆಳಗಿನ ಪಟ್ಟಿಗೆ ಅಂಚಿಂದ ಅಂಚಿಗೆ ಕೂರಿಸು. ಬಂದ ತಕ್ಷಣ ಹೊಲಿದುಬಿಡ್ತೀನಿ. ಆಗುತ್ತಾ?"

"ಆಗುತ್ತೆ."

ಅಮ್ಮ ಹೋದಳು. ಸ್ಕೇಲು ಕತ್ತರಿ ಹಿಡಿದು ಮಂಡಿಯೂರಿ ಕೂತಳು. ಗೆರೆ ನೋಡಿದಳು.

ಗೆರೆ ನೆಟ್ಟಗಿರಲಿಲ್ಲ.

ತುದಿಯಲ್ಲಿ ಸರಿಯಾಗಿಯೇ ಶುರುವಾಗಿ, ಮಧ್ಯಕ್ಕೆ ಬರುವಾಗ ಹೊರಗೆ ಉಬ್ಬಿ, ಮತ್ತೆ ಒಳಗೆ ಬಂದಿತ್ತು. ಮಲಗಿದ ಬೆಕ್ಕಿನ ಬೆನ್ನಿನ ಹಾಗೆ. ಸ್ಕೇಲುವಿಗೆ ಅಯ್ಯೋ ಅನ್ನಿಸಿತು. ಅಮ್ಮ ಎಳೆದ ಗೆರೆ ಎಂದೂ ಹೀಗಿದ್ದಿಲ್ಲ. ಪಾಪ, ನೋಯುವ ಕೈ. ಬ್ಯಾಂಡೇಜಿನಲ್ಲಿ ಚಾಕ್ ಹಿಡಿದು ಎಳೆಯುವಾಗ ನಡುಗಿರಬೇಕು. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಹೇಳದೆಯೇ ಸರಿಮಾಡಿಬಿಟ್ಟರೆ ಆಯಿತು.

ಅವಳು ಒದ್ದೆ ಬಟ್ಟೆಯಿಂದ ಚಾಕಿನ ಗೆರೆ ಒರೆಸಿದಳು. ಕಿಟಕಿಯ ಪರದೆ ಸರಳನ್ನು ಕಳಚಿ ತಂದು ಬಟ್ಟೆಯ ಮೇಲಿಟ್ಟಳು. ಅದರ ಪಕ್ಕದಲ್ಲಿ ಹೊಸ ಗೆರೆ ಎಳೆದಳು. ಅಂಥ ನೆಟ್ಟನೆಯ ಗೆರೆಯನ್ನು ಸೂರ್ಯನ ಕಿರಣವೂ ನೋಡಿ ಕಲಿಯಬೇಕು. ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಕತ್ತರಿ ಆಡಿಸಿದಳು. ಮಧ್ಯದಲ್ಲಿ ಎರಡು ಬೆರಳು ಅಗಲ, ತುದಿಯಲ್ಲಿ ಚೂಪಾದ ಉದ್ದನೆಯ ಚೂರೊಂದು ನೆಲಕ್ಕೆ ಬಿತ್ತು. ಅದನ್ನು ಮಡಚಿ ಫ್ರಾಕಿನ ಜೇಬಿಗೆ ಹಾಕಿಕೊಂಡಳು. ಹಾಗೇ ಬಿಟ್ಟರೆ ನೆಲ ಗಲೀಜು ಕಾಣುತ್ತದಲ್ಲ.

ಅಮ್ಮ ಬಂದಾಗ ಹೊಸ ಪಟ್ಟಿ ಟೇಪ್ ಹಚ್ಚಿಕೊಂಡು ತನ್ನ ಜಾಗದಲ್ಲಿ ಕೂತಿತ್ತು. ಹಾಯಿಯನ್ನು ಎರಡೂ ಕಡೆಯಿಂದ ಸುರುಳಿ ಸುತ್ತಿದರು. ಹಾಗೆ ಸುತ್ತದಿದ್ದರೆ ಮೆಷಿನ್ನಿನ ತೋಳಿನ ಕೆಳಗೆ ಅದು ನುಗ್ಗುವುದಿಲ್ಲ. ಸುರುಳಿಗಳ ನಡುವೆ ಕಾಣುವುದು ಒಂದು ಗೇಣು ಬಟ್ಟೆ ಮಾತ್ರ.

"ಗೆರೆ ಮೇಲೇ ಕತ್ತರಿಸಿದ್ಯಾ?"

"ಹೂಂ. ಗೆರೆ ಮೇಲೇ."

ಮೆಷಿನ್ ಗರಗರ ಓಡಿತು. ಅಮ್ಮ ಎಡಗೈಯಿಂದ ತಳ್ಳಿದಳು, ಸ್ಕೇಲು ಆ ಕಡೆಯಿಂದ ಎಳೆದಳು. ಹಾವು ಹರಿದಂತೆ ಅಂಕುಡೊಂಕು ಹೊಲಿಗೆ ಅಂಚಿಂದ ಅಂಚಿಗೆ ಬಿತ್ತು.

"ಟೇಪ್ ಎಷ್ಟು ನೀಟಾಗಿ ಹಚ್ಚಿದೀಯೇ," ಎಂದಳು ಅಮ್ಮ. "ನನ್ನ ಬಲಗೈ ನೀನೇ ಈಗ."

ಸ್ಕೇಲು ಒಂದಡಿ ಎತ್ತರ ಬೆಳೆದಳು. ಬಾಗಿಲ ಚೌಕಟ್ಟು ತಲೆಗೆ ಬಡಿಯಿತು ಎಂದರೆ ಲೆಕ್ಕ ಹಾಕಿ.

ಅದೇ ಖುಷಿಯಲ್ಲಿ ಅವಳು ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಶೆಡ್ಡಿಗೆ ಹೋದಳು.

ಶೆಡ್ಡಿನಲ್ಲಿ ಮರದ ಪುಡಿ, ಅಂಟು, ವಾರ್ನಿಷ್ ಎಲ್ಲ ಸೇರಿದ ವಾಸನೆ. ದೋಣಿ ಮಗುಚಿ ಮಲಗಿತ್ತು. ತಾತ ಒಡೆದ ಜಾಗವನ್ನು ಕತ್ತರಿಸಿ ತೆಗೆದು, ಅಳತೆಗೆ ಸರಿಯಾದ ಹೊಸ ಹಲಗೆ ಕೂರಿಸಿ, ಅಂಟು ಹಾಕಿ, ಸುತ್ತಲೂ ಕ್ಲ್ಯಾಂಪ್ ಬಿಗಿದಿದ್ದರು. ಮುರಿದ ಅಡ್ಡಮರದ ಎರಡು ತುದಿಗಳನ್ನೂ ಓರೆಯಾಗಿ ಕೆತ್ತಿ, ಒಂದರ ಮೇಲೊಂದು ಕೂರಿಸಿ, ಅಂಟಿಸಿ, ದಾರ ಸುತ್ತಿದ್ದರು. ಅಣ್ಣ ದೋಣಿಯ ಬೆನ್ನಿಗೆ ವಾರ್ನಿಷ್ ಬಳಿಯುತ್ತಿದ್ದ.

"ಲೋ, ಇನ್ನೆಷ್ಟು ಕೋಟ್ ಹೊಡೀತೀಯೋ," ಎಂದರು ತಾತ. "ಅದು ಮದುವೆ ಮನೆಗೆ ಹೋಗ್ತಿಲ್ಲ, ನೀರಿಗೆ ಹೋಗ್ತಿರೋದು."

"ಇನ್ನೊಂದು ಕೋಟ್ ಬೇಕು ತಾತ. ಭಾನುವಾರದೊಳಗೆ ಒಣಗಲ್ವೇನೋ."

ನೋಡಿ, ಎಂಥ ಶ್ರದ್ಧೆ. ಇಂಥ ಅಣ್ಣಂದಿರು ನೂರು ವರ್ಷಕ್ಕೊಬ್ಬರು ಹುಟ್ಟುತ್ತಾರೆ.

ಸ್ಕೇಲು ದೋಣಿಯ ಬೆನ್ನ ಮೇಲೆ ಕೈಯಾಡಿಸಿದಳು. "ತಾತ, ಇದು ಯಾಕೆ ಎಲ್ಲಾ ಕಡೆ ಬಾಗಿದೆ?"

"ದೋಣೀಲಿ ಒಂದು ನೆಟ್ಟನೆ ಗೆರೆ ಹುಡುಕಿ ಕೊಡು, ನಾನು ಮೀಸೆ ಬೋಳಿಸ್ತೀನಿ. ನೀರಿಗೂ ಗಾಳಿಗೂ ನೆಟ್ಟನೆದು ಹಿಡಿಸಲ್ಲಮ್ಮ. ಹಾಯಿನೇ ತಗೋ. ಅದಕ್ಕೊಂದು ಹೊಟ್ಟೆ ಇರ್ಬೇಕು. ಹೊಟ್ಟೇಲಿ ಗಾಳಿ ಹಿಡಿದ್ರೆ ತಾನೇ ದೋಣಿ ಓಡೋದು. ಚಪ್ಪಟೆ ಹಾಯಿ ಕಟ್ಟೋದೂ ಒಂದೇ, ತಂತಿ ಮೇಲೆ ಬೆಡ್‌ಶೀಟ್ ಒಣಗಿಸೋದೂ ಒಂದೇ."

"ಹೊಟ್ಟೆ ಹೆಂಗೆ ಬರುತ್ತೆ?"

"ಚೆಂಡು ನೋಡಿಲ್ವಾ? ಉಬ್ಬಿದ ಅಂಚಿನ ಪಟ್ಟಿ ಸೇರಿಸಿ ಹೊಲೀತಾರೆ, ಅದಕ್ಕೇ ದುಂಡಗಾಗುತ್ತೆ. ಹಾಯಿನೂ ಹಂಗೇ. ಒಂದು ಪಟ್ಟಿ ಅಂಚನ್ನ ಮಧ್ಯದಲ್ಲಿ ಒಂಚೂರು ಉಬ್ಬಿಸಿ ಕತ್ತರಿಸ್ತಾರೆ. ಅದನ್ನ ನೆಟ್ಟನೆ ಅಂಚಿಗೆ ಹೊಲಿದ್ರೆ ಬಟ್ಟೆ ತಾನಾಗೇ ಹೊಟ್ಟೆ ಬಿಡುತ್ತೆ. ಆ ಉಬ್ಬು ಎಷ್ಟಿರ್ಬೇಕು ಅಂತ ಗೆರೆ ಎಳೆಯೋದ್ರಲ್ಲಿ ನಿಮ್ಮಮ್ಮಂದು ಎತ್ತಿದ ಕೈ."

ಸ್ಕೇಲುವಿನ ಕೈ ತಾನಾಗಿ ಜೇಬಿಗೆ ಹೋಯಿತು. ಆ ಚೂರು ಅಲ್ಲೇ ಇತ್ತು. ಅವಳ ಎದೆ ಬಡಿದುಕೊಂಡ ಸದ್ದಿಗೆ ಮೂರನೇ ಬೀದಿಯ ನಾಯಿ ಎದ್ದು ಬೊಗಳಿತು.

ತಾತ ಟೀ ಕುಡಿದು ಕೈ ತೊಳೆಯಲು ಹೊರಗೆ ಹೋದರು. ಸ್ಕೇಲು ಅಣ್ಣನ ಪಕ್ಕ ಬಂದು ನಿಂತಳು.

"ಅಣ್ಣ, ನಿಂಗೊಂದು ಹೇಳ್ಬೇಕು."

"ಹೇಳು."

"ಬೈಬಾರ್ದು."

"ಬೈಯ್ಯೋ ಥರದ್ದಾ?"

ಅವಳು ಜೇಬಿನಿಂದ ಚೂರು ತೆಗೆದು ತೋರಿಸಿದಳು. ನಡೆದದ್ದನ್ನೆಲ್ಲ ಪಿಸುಗುಟ್ಟಿ ಹೇಳಿದಳು. ಗೆರೆ ಒರೆಸಿದ್ದು, ಪರದೆ ಸರಳು, 'ಗೆರೆ ಮೇಲೇ' ಎಂದದ್ದು.

ಅಣ್ಣ ಬ್ರಷ್ ಕೆಳಗಿಟ್ಟ. "ಅಮ್ಮಂಗೆ ಗೊತ್ತಾ?"

"ಇಲ್ಲ."

"ಹೇಳ್ಬೇಡ. ಹಂಗೇ ಇರ್ಲಿ."

"ದೋಣಿ ಓಡಲ್ಲ ಅಣ್ಣ. ಬೆಡ್‌ಶೀಟ್ ಥರ ಅಂದ್ರಲ್ಲ ತಾತ."

"ಓಡ್ದಿದ್ರೆ ಬಿಡು. ನಿನಗೆ ಬೈಗುಳ ಬೀಳ್ಬಾರ್ದು ಅಷ್ಟೆ. ಯಾರ ಹತ್ರಾನೂ ಬಾಯಿ ಬಿಡ್ಬೇಡ, ತಿಳೀತಾ?"

ಈ ಮಾತು ಕೇಳಿ ನಿಮ್ಮ ಕಣ್ಣು ತುಂಬಿ ಬರಬೇಕು. ತಂಗಿಗೋಸ್ಕರ ತನ್ನ ಪರೀಕ್ಷೆಯನ್ನೇ ಬಿಟ್ಟುಕೊಟ್ಟ ಅಣ್ಣ. ಅವನ ಮೂರ್ತಿಯನ್ನು ದಕ್ಕೆಯ ಮೇಲೆ ನಿಲ್ಲಿಸಬೇಕೆಂದು ಜನ ಆಗಲೇ ಮಾತಾಡಿಕೊಂಡರು.

ಸ್ಕೇಲು ಮಾತ್ರ ಅವನ ಮುಖವನ್ನೇ ನೋಡಿದಳು. ಆಮೇಲೆ ವಾರ್ನಿಷ್ ಡಬ್ಬ ನೋಡಿದಳು. ಖಾಲಿ ಫ್ಲಾಸ್ಕ್ ಹಿಡಿದು ಮನೆಗೆ ಬಂದಳು.

ಗುಟ್ಟು ಅಣ್ಣನಿಗೆ ಹೇಳಿದ ಮೇಲೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅಮ್ಮ ಮೆಷಿನ್ ಕಡೆ ತಿರುಗಿದರೆ ಸಾಕು, ಅವಳು ಜೇಬನ್ನು ಗಟ್ಟಿಯಾಗಿ ಮುಚ್ಚಿ ಹಿಡಿಯುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳಗೆ ಅನ್ನುತ್ತಾರಲ್ಲ, ಹಾಗೆ. "ಯಾಕೆ, ಹೋಂವರ್ಕ್ ಇದ್ಯಾ?" ಎಂದು ಅಮ್ಮ ಕೇಳಿದರೂ ಬೆಚ್ಚಿಬಿದ್ದಳು.

ಕಣ್ಣು ಮುಚ್ಚಿದರೆ ಸಮುದ್ರ. ನಡುವೆ ದೋಣಿ. ದೋಣಿಯ ಕಂಬಕ್ಕೆ ಬೆಡ್‌ಶೀಟ್. ಬೆಡ್‌ಶೀಟ್ ಕೆಳಗೆ ಅಣ್ಣ. ದೋಣಿ ಅಲ್ಲಾಡುತ್ತಿಲ್ಲ, ದೂರದಿಂದ ಮೋಡ ಬರುತ್ತಿದೆ. ಬೈಗುಳ ತಿಂದರೆ ಸಂಜೆಯೊಳಗೆ ಅರಗುತ್ತದೆ. ಆದರೆ ಗಾಳಿ ಎದ್ದಾಗ ಓಡಲಾರದ ದೋಣಿಯಲ್ಲಿ ಕೂತವನ ಗತಿ ಏನು?

ಶನಿವಾರ ಬೆಳಿಗ್ಗೆ ಅಮ್ಮ ಹಾಯಿಯನ್ನು ಚೀಲಕ್ಕೆ ತುಂಬಲು ಮಡಚುತ್ತಿದ್ದಳು.

"ಅಮ್ಮ, ಮಡಚ್ಬೇಡ."

"ಯಾಕೆ?"

ಸ್ಕೇಲು ಜೇಬಿನ ಚೂರನ್ನು ಮೆಷಿನ್ ಮೇಲಿಟ್ಟಳು.

ಅಮ್ಮ ಆ ಚೂರನ್ನು ನೋಡಿದಳು. ಬಗ್ಗಿ ಹಾಯಿಯ ಹೊಸ ಹೊಲಿಗೆ ನೋಡಿದಳು. ಎರಡು ಬೆರಳಲ್ಲಿ ಬಟ್ಟೆ ಎತ್ತಿ ಬಿಟ್ಟಳು. ಅದು ಚಪ್ಪಟೆಯಾಗಿ ಬಿತ್ತು. ಅವಳು ಕುರ್ಚಿಯ ಮೇಲೆ ಕುಸಿದು ಕೂತಳು. ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ.

"ಗೆರೆ ಮೇಲೇ ಕತ್ತರಿಸ್ದೆ ಅಂದ್ಯಲ್ಲ."

"ನಾನು ಎಳೆದ ಗೆರೆ ಮೇಲೆ."

"ನನ್ನ ಗೆರೆ ಏನಾಗಿತ್ತು?"

"ಡೊಂಕಾಗಿತ್ತು. ನಿನ್ನ ಕೈ ನೋವಲ್ವಾ, ಅದಕ್ಕೇ ನಡುಗಿದೆ ಅಂದ್ಕೊಂಡೆ. ನಿಂಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ..."

ಅಮ್ಮ ತನ್ನ ಬ್ಯಾಂಡೇಜಿನ ಕೈ ನೋಡಿಕೊಂಡಳು. ಅವಳ ಬಾಯಿಯ ಒಂದು ಮೂಲೆ ಸ್ವಲ್ಪ ಸಡಿಲವಾಯಿತು.

"ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಳಂತೆ. ನೀನು ನೋಡಿದ್ರೆ ಅಮ್ಮನ್ನೇ ಡೊಂಕು ಅಂದ್ಯಲ್ಲೇ."

"ಈ ಚೂರನ್ನ ವಾಪಸ್ ಅಂಟಿಸಕ್ಕಾಗಲ್ವಾ?"

"ಕತ್ತರಿಸಿದ ಕೂದಲು ಅಂಟಿಸ್ತಾರಾ? ಗಾಳಿ ತಡೆಯಲ್ಲ ಅದು."

ಅಮ್ಮ ಎದ್ದಳು. ಹಾಯಿಯನ್ನು ಮತ್ತೆ ಹರಡಿಸಿದಳು. ಗೋಡೆಗೆ ಬೆನ್ನೊತ್ತಿಕೊಂಡು ಅದರ ಸುತ್ತ ಒಂದು ಸುತ್ತು ಬಂದಳು. ಸ್ಕೇಲು ಕುರ್ಚಿಯ ಮೇಲೆ ಮಂಡಿ ಅಪ್ಪಿಕೊಂಡು ಕೂತು, ಅಮ್ಮನ ಮುಖದಲ್ಲಿ ಏನಾದರೂ ಕಾಣುತ್ತದೆಯೋ ಎಂದು ಕಾದಳು.

"ಹೊಲಿಗೆ ಬಿಚ್ಚು," ಎಂದಳು ಅಮ್ಮ ಕೊನೆಗೆ.

"ಪೂರ್ತೀನಾ?"

"ಪೂರ್ತಿ. ಮಧ್ಯದಲ್ಲಿ ಬಟ್ಟೆ ಹೆಚ್ಚಿಸಕ್ಕೆ ನನ್ನ ಹತ್ರ ಬಟ್ಟೆ ಇಲ್ಲ. ಆದ್ರೆ ತುದೀಲಿ ಕಮ್ಮಿ ಮಾಡ್ಬಹುದಲ್ಲ. ಎರಡೂ ತುದೀಲಿ ಪಟ್ಟಿಗಳನ್ನ ಒಂದರ ಮೇಲೊಂದು ಜಾಸ್ತಿ ಹತ್ತಿಸಿ ಹೊಲಿಯೋಣ. ಮಧ್ಯಕ್ಕೆ ಬರ್ತಾ ಕಮ್ಮಿ ಹತ್ತಿಸೋಣ. ಆಗ್ಲೂ ಹೊಟ್ಟೆ ಬರುತ್ತೆ. ಅಂಚಲ್ಲಿ ಹಾಯಿ ಎರಡು ಬೆರಳು ಗಿಡ್ಡ ಆಗುತ್ತೆ, ಏನ್ಮಾಡೋದು."

ಸ್ಕೇಲು ಬ್ಲೇಡು ಹಿಡಿದು ಬಿಚ್ಚತೊಡಗಿದಳು. ದಪ್ಪ ದಾರ, ಬಿಗಿಯಾದ ಬಟ್ಟೆ. ಒಂದೊಂದು ಹೊಲಿಗೆಯೂ ಒಂದೊಂದು ಹಲ್ಲು ಕಿತ್ತ ಹಾಗೆ. ಬ್ಲೇಡು ಒಂದಿಷ್ಟು ಜಾರಿದರೆ ಹಾಯಿ ಮತ್ತೆ ಹರಿಯುತ್ತದೆ. ಅವಳು ಉಸಿರನ್ನೂ ಅಳೆದು ಬಿಟ್ಟಳು. ಬೆರಳ ತುದಿ ಕೆಂಪಾಗಿ ಉರಿಯಿತು. ಕಿತ್ತ ದಾರವನ್ನು ಉದ್ದಕ್ಕೆ ಕಟ್ಟಿದ್ದರೆ ಚಂದ್ರನಿಗೆ ಹೋಗಿ ಬರಬಹುದಿತ್ತು, ದಾರಿಯಲ್ಲಿ ಊಟಕ್ಕೂ ಇಳಿಯಬಹುದಿತ್ತು.

"ಅಣ್ಣಂಗೆ ಈ ವಿಷ್ಯ ಗೊತ್ತಾ?" ಎಂದು ಅಮ್ಮ ನಡುವೆ ಕೇಳಿದಳು.

ಸ್ಕೇಲು ಒಂದು ದಾರದ ತುದಿಯನ್ನು ಬಹಳ ಹೊತ್ತು ಹುಡುಕಿದಳು. ಅಮ್ಮ ಮತ್ತೆ ಕೇಳಲಿಲ್ಲ.

ಈ ಸಲ ಗೆರೆಯನ್ನು ಇಬ್ಬರೂ ಸೇರಿ ಎಳೆದರು. ಅಮ್ಮ ತೆಳುವಾದ ಉದ್ದನೆಯ ಮರದ ಕಡ್ಡಿಯನ್ನು ಎಡಗೈಯಿಂದ ಒತ್ತಿ ಬಾಗಿಸಿ ಹಿಡಿದಳು. ಸ್ಕೇಲು ಅದರ ಬೆನ್ನ ಮೇಲೆ ಚಾಕ್ ಓಡಿಸಿದಳು. ಕೈ ಎಲ್ಲೂ ನಿಲ್ಲದೆ ಹೋಗಬೇಕು, ನಿಂತರೆ ಅಲ್ಲೊಂದು ಗಂಟು ಮೂಡುತ್ತದೆ. ಅವಳಿಗೆ ಮೊದಲ ಸಲ ಗೊತ್ತಾಯಿತು, ನೆಟ್ಟನೆಯ ಗೆರೆ ಎಳೆಯುವುದಕ್ಕಿಂತ ಇದು ಕಷ್ಟ.

ಹೊಲಿದು ಮುಗಿದ ಮೇಲೆ ಅಮ್ಮ ಮತ್ತೆ ಬಟ್ಟೆ ಎತ್ತಿ ಬಿಟ್ಟಳು. ಅದು ಚಪ್ಪಟೆಯಾಗಿ ಬೀಳಲಿಲ್ಲ. ಮಧ್ಯದಲ್ಲಿ ಸ್ವಲ್ಪ ಗಾಳಿ ಉಳಿಸಿಕೊಂಡು ನಿಧಾನವಾಗಿ ಕೂತಿತು.

"ಓಡುತ್ತಾ?" ಎಂದಳು ಸ್ಕೇಲು.

"ನೀರಿಗಿಳಿಸೋ ತನಕ ನಾನೂ ಹೇಳಲ್ಲ, ಹಾಯಿನೂ ಹೇಳಲ್ಲ."

ಭಾನುವಾರ ಬಂತು. ದಕ್ಕೆಯ ಮೇಲೆ ಕಾಲಿಡಲು ಜಾಗವಿಲ್ಲ, ಒಂದು ಲಕ್ಷ ಜನ. ಅಣ್ಣ ಬಂದ. ಒಂದೇ ನೆಗೆತಕ್ಕೆ ದೋಣಿಗೆ ಹಾರಿದ. ಹಾಯಿ ಏರಿಸಿದ. ಗಾಳಿ ಓಡೋಡಿ ಬಂದು ಸೆಲ್ಯೂಟ್ ಹೊಡೆಯಿತು. ನೀರಿನಲ್ಲಿ ತೇಲಿಬಿಟ್ಟ ಮೂರು ಕೆಂಪು ಡ್ರಮ್ಮುಗಳನ್ನು ಸುತ್ತಿ ಬರುವುದೇ ಪರೀಕ್ಷೆ. ಅಣ್ಣ ಸುತ್ತಿದ ರಭಸಕ್ಕೆ ಡ್ರಮ್ಮುಗಳೇ ಬುಗುರಿಯ ಹಾಗೆ ತಿರುಗಿದವು. ಪರೀಕ್ಷೆ ಮಾಡುವ ಮೇಡಂ ಬಾಯಿಯಿಂದ ಸೀಟಿ ಕೆಳಗೆ ಬಿತ್ತು. "ನಿನಗೆ ಕಲಿಸೋದೇನೂ ಉಳಿದಿಲ್ಲಪ್ಪ, ನೀನೇ ಬಂದು ನಮಗೆ ಕಲಿಸು" ಎಂದು ಅವರು ಕೈಮುಗಿದರು. ಅಣ್ಣ ಪಾಸಾದ. ಇಲ್ಲಿಗೆ ಕತೆ...

"ಒಂದು ಲಕ್ಷ ಜನಾನಾ?"

ಇದು ನಾನಲ್ಲ. ನನ್ನ ಬೆನ್ನ ಹಿಂದೆ ನಿಂತು, ನಾನು ಬರೆಯುತ್ತಿರುವುದನ್ನು ಓದುತ್ತಿರುವವಳು.

"ನಾವು ಐದಾರು ಜನ ಇದ್ವಿ," ಎಂದಳು ಸ್ಕೇಲು. "ಮತ್ತೆ ಈ ಚೆಲುವ, ಧೀರ, ಮಹಾ ಬುದ್ಧಿವಂತ ಯಾರು?"

"ಅದೇ... ಕತೆಯಲ್ಲಿ ಬರೋ ಅಣ್ಣ."

"ನನಗಿರೋದು ಒಬ್ಬನೇ ಅಣ್ಣ. ಬುರುಡೆ ಬಿಡೋದ್ರಲ್ಲಿ ಮಾತ್ರ ಧೀರ. ಕತೇಲಿ ನನ್ನ ತಪ್ಪು ಎಲ್ಲಾ ಬರ್ದಿದೀಯ, ಜೇಬಲ್ಲಿದ್ದ ಚೂರನ್ನೂ ಬಿಟ್ಟಿಲ್ಲ. ನಿಂದು ಎಲ್ಲಿ?"

ಸಿಕ್ಕಿಬಿದ್ದೆ. ಹೌದು, ಆ ಅಣ್ಣ ನಾನೇ. ಬೀದಿದೀಪಗಳು ನನಗೆ ತಲೆಬಾಗುವುದಿಲ್ಲ. ಅವು ಹುಟ್ಟಿನಿಂದಲೇ ಬಾಗಿವೆ.

ಗಾಳಿಯ ಕುತ್ತಿಗೆ ಹಿಡಿದದ್ದು ಸುಳ್ಳು. ಅವತ್ತು ನಾನು ಚುಕ್ಕಾಣಿ ಬಿಟ್ಟು, ಹಾಯಿಕಂಬ ತಬ್ಬಿಕೊಂಡು, ಕಣ್ಣು ಮುಚ್ಚಿ "ಅಮ್ಮಾ" ಎಂದು ಕೂಗುತ್ತಿದ್ದೆ. ಅದಕ್ಕೇ ದೋಣಿ ಗೋಡೆಗೆ ಬಡಿಯಿತು. ಆಮೇಲೆ ದೋಣಿ ಅಂದರೆ ಸಾಕು, ಬೆನ್ನಲ್ಲಿ ಬೆವರು. ಒಂದರ ಮೇಲೊಂದು ವಾರ್ನಿಷ್ ಕೋಟ್ ಹೊಡೆದದ್ದು ಶ್ರದ್ಧೆಯಿಂದಲ್ಲ. ಅದು ಒಣಗದೇ ಇರಲಿ ಎಂದು. ಸ್ಕೇಲು ಶೆಡ್ಡಿಗೆ ಬಂದು ಹಾಯಿ ಕೆಟ್ಟಿದೆ ಎಂದಾಗ ನನಗೆ ಶಾಲೆಗೆ ರಜೆ ಸಿಕ್ಕಷ್ಟು ಖುಷಿಯಾಯಿತು. ತ್ಯಾಗವೂ ಇಲ್ಲ, ಮೂರ್ತಿಯೂ ಇಲ್ಲ.

ಭಾನುವಾರ ನಾನು ದೋಣಿಗೆ ಹಾರಲೂ ಇಲ್ಲ. ದಕ್ಕೆಯ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಹೊಟ್ಟೆ ನೋವು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸ್ಕೇಲು ತನ್ನ ಮಂಡಿಯ ತನಕ ಬರುವ ಲೈಫ್ ಜಾಕೆಟ್ ಹಾಕಿಕೊಂಡು ಮೇಡಂ ಹತ್ತಿರ ಹೋದಳು.

"ಮುಂದೆ ಒಬ್ರು ಕೂತ್ಕೋಬಹುದಾ ಮೇಡಂ? ಹಾಯಿ ಎರಡು ಬೆರಳು ಗಿಡ್ಡ ಆಗಿದೆ, ಅದಕ್ಕೆ ಮುಂದೆ ಭಾರ ಬೇಕಂತೆ."

ಹಾಗೆಂದು ಯಾರೂ ಹೇಳಿರಲಿಲ್ಲ. ಮೇಡಂ ಹಾಯಿ ನೋಡಿದರು, ಅವಳನ್ನು ನೋಡಿದರು, ನನ್ನನ್ನೂ ನೋಡಿದರು. "ಕೂತ್ಕೋಬಹುದು," ಎಂದರು.

ಅವಳು ದೋಣಿಯ ಮೂತಿಯ ಹತ್ತಿರ ಹೋಗಿ, ಸಮುದ್ರದ ಕಡೆ ಮುಖ ಮಾಡಿ ಕೂತಳು. ತಂಗಿ ಕೂತ ಮೇಲೆ ನಾನು ದಡದಲ್ಲಿ ನಿಲ್ಲುವುದು ಹೇಗೆ? ಹತ್ತಿದೆ. ಹಾಯಿ ಏರಿಸಿದೆ. ಒಂದು ಕ್ಷಣ ಅದು ಪಟಪಟ ಬಡಿದುಕೊಂಡಿತು. ಆಮೇಲೆ ಹೊಸ ಪಟ್ಟಿಯ ಜಾಗದಿಂದ ಶುರುವಾಗಿ ನಿಧಾನವಾಗಿ ಹೊಟ್ಟೆ ತುಂಬಿಕೊಂಡಿತು. ದೋಣಿ ಹೊರಟಿತು.

ಎರಡನೇ ಡ್ರಮ್ಮಿಗೆ ಡಿಕ್ಕಿ ಹೊಡೆದೆ. ಮೇಡಂ ಸೀಟಿ ಊದಿ ಅದನ್ನು ಮತ್ತೊಮ್ಮೆ ಸುತ್ತಿಸಿದರು. ಎಲ್ಲರಿಗಿಂತ ಕೊನೆಗೆ ಬಂದೆ. ಅವರು ಹೇಳಿದ್ದು ಒಂದೇ ಮಾತು. "ಸಾಕು, ಪಾಸು." ದಾರಿಯುದ್ದಕ್ಕೂ ನನ್ನ ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರಿತ್ತು. ಸ್ಕೇಲು ಹೋಗುವಾಗಲೂ ಬರುವಾಗಲೂ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

ಇಷ್ಟನ್ನೂ ಅವಳ ಎದುರಿಗೇ ಕೂತು ಬರೆದೆ. ಈಗ ಕೇಳಿದೆ.

"ನನಗೆ ಭಯ ಆಗಿದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಶೆಡ್ಡಲ್ಲಿ. ನೀನು ಬೈಲೇ ಇಲ್ವಲ್ಲ."

"ಮತ್ತೆ ಅವತ್ತು ದೋಣೀಲಿ ಯಾಕೆ ಹಿಂದಿರುಗಿ ನೋಡ್ಲಿಲ್ಲ?"

ಅವಳು ನಾನು ಬರೆದ ಹಾಳೆಗಳ ಅಂಚು ಸರಿಯಾಗಿ ಜೋಡಿಸಿಟ್ಟಳು.

"ನೋಡಿದ್ರೆ ನೀನು ಕಣ್ಣೊರೆಸ್ಕೊಂಡು ಬುರುಡೆ ಬಿಡಕ್ಕೆ ಶುರು ಮಾಡ್ತಿದ್ದೆ. ಅವತ್ತು ನಿಂಗೆ ಎರಡೂ ಕೈ ಬೇಕಿತ್ತು."